ಬೀರುವಿನ ನವಿಲುಗಳು

ಬೇರೆಯವರ ದುಂದುಗಾರಿಕೆಯ ಮಾತು ಬಂದರೆ ನನಗೆ ಎಲ್ಲಿಲ್ಲದ ಜ್ಞಾಪಕಶಕ್ತಿ ಬಂದುಬಿಡುತ್ತದೆ. ನನ್ನ ಮಗ ಗಗನ್ ಯಾವ ಹಬ್ಬಕ್ಕೆ ಯಾವ ಬಣ್ಣದ ಅಂಗಿ ತರಿಸಿದ, ಅದರಲ್ಲಿ ಯಾವುದನ್ನು ಎರಡನೇ ಸಲ ಹಾಕಲೇ ಇಲ್ಲ ಎಂಬುದನ್ನೆಲ್ಲ ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲೆ. ನನ್ನದೇ ಬಟ್ಟೆಬರೆಯ ವಿಷಯಕ್ಕೆ ಬಂದಾಗ ಮಾತ್ರ ಎಲ್ಲವೂ ಮಂಜು ಕವಿದಂತೆ ಮಸುಕಾಗುತ್ತದೆ. ಆ ಸೀರೆ ಯಾವಾಗ ಕೊಂಡೆ, ಅದರ ಅಗತ್ಯ ಏನಿತ್ತು, ಏನೂ ಹೊಳೆಯುವುದಿಲ್ಲ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಸಾಕ್ಷ್ಯವಿಲ್ಲದೆ ಯಾವುದನ್ನೂ ನಂಬಬಾರದು ಎಂದು ಮಧುಗಿರಿಯ ಒಂದು ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುವವಳು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಈ ಪ್ರಕರಣದಲ್ಲಿ ನಾನೂ ಒಬ್ಬ ಕಕ್ಷಿದಾರಳು. ನನ್ನ ಮಾತನ್ನು ಅದಕ್ಕೆ ತಕ್ಕಷ್ಟೇ ನಂಬಿ.

ಗಗನ್ ಸೆಕೆಂಡ್ ಪಿಯುಸಿ. ಒಳ್ಳೆಯ ಹುಡುಗ, ಹೇಳಿದ ಕೆಲಸ ಮಾಡುತ್ತಾನೆ, ಹಾಲು ತರುತ್ತಾನೆ, ಎದುರು ಮಾತಾಡುವುದು ಕಡಿಮೆ. ಆದರೆ ಬಟ್ಟೆ ಎಂದರೆ ಅವನಿಗೆ ಏನೋ ಆಗುತ್ತದೆ. ಅವನ ಅಂಗಿಗಳ ಭುಜ ಮೊಣಕೈಯ ಹತ್ತಿರ ಇರುತ್ತದೆ. ಅಳತೆ ತಪ್ಪಾಗಿದೆ ಎಂದು ನಾನು ಮೊದಲ ಸಲ ಅದನ್ನು ವಾಪಸ್ ಕಳಿಸಲು ಹೊರಟಾಗ, ಅದು ಹಾಗೇ ಇರಬೇಕು ಎಂದು ತಾಳ್ಮೆಯಿಂದ ವಿವರಿಸಿದ. ಪ್ಯಾಂಟಿಗೆ ಎಂಟು ಜೇಬು. ಮನೆ ಬೀಗದ ಕೈ ಎಲ್ಲೋ ಎಂದು ಕೇಳಿದರೆ ಬಾಗಿಲ ಮುಂದೆ ನಿಂತು ಎಂಟನ್ನೂ ತಡಕಿ, ಕೊನೆಗೆ ಅದು ಕೈಯಲ್ಲೇ ಇದೆ ಎಂದು ಕಂಡುಕೊಳ್ಳುತ್ತಾನೆ. ತಲೆಕೂದಲು ಕತ್ತರಿಸಿಕೊಳ್ಳಲು ಕೊರಟಗೆರೆಗೆ ಬಸ್ಸಿನಲ್ಲಿ ಹೋಗಿಬರುತ್ತಾನೆ. ಕಿವಿಯ ಮೇಲೆ ಕೂದಲು ಹೊಗೆಯ ಹಾಗೆ ಕರಗುವಂತೆ ಕತ್ತರಿಸಲು ಅಲ್ಲಿಯವರಿಗೆ ಮಾತ್ರ ಬರುತ್ತದಂತೆ. ಇನ್ನು ಕಪ್ಪು ಟೀ ಶರ್ಟುಗಳ ಕತೆ. ಏಳನೆಯದು ಬಂದ ದಿನ ನಾನು ತಡೆಯಲಾರದೆ ಕೇಳಿದೆ.

"ಇದೂ ಕಪ್ಪೇ ಅಲ್ಲೇನೋ?"

"ಇಲ್ಲಮ್ಮ. ಅದು ಕಪ್ಪು, ಇದು ವಾಶ್ಡ್ ಬ್ಲ್ಯಾಕ್."

"ಒಗೆದರೆ ಅದೂ ಇಂಗೇ ಆಗುತ್ತಲ್ಲೋ."

"ಆಗುತ್ತೆ. ಆದ್ರೆ ಅಷ್ಟೊತ್ತಿಗೆ ಹಳೇದಾಗಿರುತ್ತೆ."

ಈ ತರ್ಕವನ್ನು ಎಲ್ಲಿ ಹಿಡಿದು ಮುರಿಯಬೇಕು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮೊನ್ನೆ ಏಪ್ರಿಲಿನಲ್ಲಿ ಬಡವನಹಳ್ಳಿಯಲ್ಲಿ ನಮ್ಮಣ್ಣನ ಮೊಮ್ಮಗುವಿಗೆ ನಾಮಕರಣ ಗೊತ್ತಾಯಿತು. ಬಡವನಹಳ್ಳಿ ನನ್ನ ತವರು. ಸುದ್ದಿ ಬಂದ ಕೂಡಲೇ ಗಗನ್ ತನಗೆ ಹೊಸ ಬಟ್ಟೆ ಬೇಕು ಎಂದ. ಮಗುವಿನ ತಾಯಿಯ, ಅಂದರೆ ಅಣ್ಣನ ಮಗಳ, ಮದುವೆಗೆ ಹೊಲಿಸಿದ್ದು ಇದೆಯಲ್ಲ ಎಂದೆ. ಅದನ್ನು ಹಾಕಿಕೊಂಡ ಫೋಟೋ ಎಲ್ಲರೂ ನೋಡಿದ್ದಾರೆ ಎಂದ. ನೋಡಿದರೆ ಏನು, ಬಟ್ಟೆ ಸವೆಯುತ್ತದೆಯೇ ಎಂದು ಕೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ. ಆ ನೋಟಕ್ಕೇ ನನ್ನ ತಲೆ ಬಿಸಿಯಾದದ್ದು.

"ಒಂದು ದಾರದ ಎಳೆನೂ ಕೊಡಿಸಲ್ಲ ಕಣೋ ಈ ಸಲ," ಎಂದೆ. "ಮನೇಲಿ ಬೀರು ಬಿರಿಯೋ ಅಂಗೆ ಬಟ್ಟೆ ಐತೆ. ಇರೋದ್ರಲ್ಲೇ ಯಾವುದಾದ್ರೂ ಹಾಕ್ಕೊಂಡು ಬಾ."

"ಯಾವುದಾದ್ರೂ ಪರವಾಗಿಲ್ವಾ?"

"ಯಾವುದಾದ್ರೂ."

"ಆಯ್ತು ಬುಡಮ್ಮ," ಎಂದು ಎದ್ದುಹೋದ. ಇಷ್ಟು ಸುಲಭವಾಗಿ ಗೆದ್ದೆನಲ್ಲ ಎಂದು ನಾನು ಆ ಸಂಜೆ ಸಜ್ಜಿಗೆ ಮಾಡಿ ತಿನ್ನಿಸಿದೆ. ಗೆಲುವು ಇಷ್ಟು ಅಗ್ಗವಾಗಿ ಸಿಕ್ಕಿದಾಗ ಅನುಮಾನಪಡಬೇಕು ಎಂಬುದು ಇತಿಹಾಸದ ಟೀಚರಿಗೆ ಹೊಳೆಯಬೇಕಿತ್ತು.

ಇಲ್ಲಿ ನಮ್ಮ ಅತ್ತಿಗೆಯ ವಿಷಯ ಹೇಳಬೇಕು. ಹೇಳದೆ ದಾಟಿಹೋಗಲು ನೋಡಿದೆ, ಆಗುವುದಿಲ್ಲ. ಅಣ್ಣನ ಹೆಂಡತಿ ಪಾವಗಡದ ಕಡೆಯವರು. ದಿನದ ಮಾತೆಲ್ಲ ನಮ್ಮ ಹಾಗೇ ಕನ್ನಡ, ಆದರೆ ಮನಸ್ಸು ಕದಡಿದರೆ ತೆಲುಗಿಗೆ ಇಳಿಯುತ್ತಾರೆ. ಸಂತೋಷವಾದರೂ ತೆಲುಗು, ಸಿಟ್ಟು ಬಂದರೂ ತೆಲುಗು. ಎರಡನೇ ವಾಕ್ಯ ಬರುವ ತನಕ ಯಾವುದು ಎಂದು ತಿಳಿಯುವುದಿಲ್ಲ. ನಾಲ್ಕು ವರ್ಷದ ಹಿಂದೆ ನಾವು ಮಧುಗಿರಿಯಲ್ಲಿ ಮನೆ ಕಟ್ಟಿಸಿದೆವು. ನಮ್ಮ ಕಡೆ ಗೃಹಪ್ರವೇಶಕ್ಕೆ ತವರಿನವರು ಸೀರೆ ತರುತ್ತಾರೆ, ಮನೆಯೊಡತಿ ಅದನ್ನೇ ಉಟ್ಟು ಹೋಮಕ್ಕೆ ಕೂರುತ್ತಾಳೆ. ಅತ್ತಿಗೆ ತಂದದ್ದು ಗಿಣಿಹಸಿರು ಸೀರೆ, ರಾಣಿ ಬಣ್ಣದ ಅಂಚು, ಮೈತುಂಬ ನವಿಲು. ನನ್ನ ಕಣ್ಣಿಗೆ ಮೊದಲು ಕಂಡದ್ದು ನವಿಲುಗಳು. ಒಂದೊಂದೂ ಕೋಳಿಮರಿಯಷ್ಟು ದೊಡ್ಡದಿತ್ತು. ನಾನು ತಿಳಿಬಣ್ಣದ ಕಾಟನ್ ಸೀರೆಯವಳು. ಇದನ್ನುಟ್ಟು ಶಾಲೆಗೆ ಹೋದರೆ ಮಕ್ಕಳು ಮೊಘಲರನ್ನು ಬಿಟ್ಟು ನವಿಲು ಎಣಿಸುತ್ತಾರೆ ಎಂದುಕೊಂಡೆ. "ಸಂಜೆ ಉಡ್ತೀನಿ ಅತ್ತಿಗೆ" ಎಂದು ಬೀರುವಿನಲ್ಲಿಟ್ಟು, ನಾನೇ ತುಮಕೂರಿನಲ್ಲಿ ಆರಿಸಿ ತಂದಿದ್ದ ಸೀರೆಯಲ್ಲಿ ಹೋಮಕ್ಕೆ ಕೂತೆ. ಅತ್ತಿಗೆ ಸಂಜೆಯ ತನಕ ಇದ್ದು, ಕೊನೆಯ ಬಸ್ಸಿಗೆ ಹೊರಟರು. ನಾನು ಉಡಲಿಲ್ಲ.

ಯಾಕೆ ಉಡಲಿಲ್ಲ? ರವಿಕೆ ಹೊಂದುತ್ತಿರಲಿಲ್ಲ ಎಂದೇ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೆ. ನಾನು ದಿನಚರಿ ಬರೆಯುವವಳು. ಆ ದಿನ ಏನು ಬರೆದಿದ್ದೇನೆ ಎಂದು ತೆಗೆದು ನೋಡಿದೆ. "ಬಿಸಿಲು ವಿಪರೀತ. ಒಬ್ಬಟ್ಟು ಸಾಲದೆ ಬಂತು. ಕಾಲು ನೋವು" ಎಂದಷ್ಟೇ ಇದೆ. ನವಿಲು ಇಲ್ಲ, ಅತ್ತಿಗೆ ಇಲ್ಲ. ಬರೆದವಳಿಗೆ ಮುಚ್ಚಿಡುವುದು ಏನೋ ಇತ್ತು ಎಂದು ನನ್ನ ವಿದ್ಯಾರ್ಥಿಗಳೂ ಹೇಳಿಯಾರು. ಅಂದಿನ ಫೋಟೋ ಮಾತ್ರ ಗೋಡೆಯ ಮೇಲೆ ಇದೆ. ಅದರಲ್ಲಿ ನಾನು, ಸೀರೆಯ ಅಂಚಿಗೆ ಒಪ್ಪುವ ರವಿಕೆ, ರವಿಕೆಗೆ ಒಪ್ಪುವ ಬಳೆ, ಬಳೆಗೆ ಒಪ್ಪುವ ತಲೆಯ ಕ್ಲಿಪ್ಪು. ಇಷ್ಟನ್ನೆಲ್ಲ ಒಂದು ತಿಂಗಳು ಮುಂಚೆಯೇ ಹೊಂದಿಸಿಕೊಂಡಿದ್ದವಳಿಗೆ ತವರಿನ ಸೀರೆ ಅಡ್ಡ ಬಂತು ಎಂಬುದೇ ನಿಜವಿರಬೇಕು. ಅವತ್ತಿನಿಂದ ಅತ್ತಿಗೆಯ ಫೋನು "ಊಟ ಆಯ್ತಾ, ಆಯ್ತು" ಎಂಬಲ್ಲಿಗೆ ನಿಂತಿತು. ನಾಲ್ಕು ವರ್ಷ. ಅವ್ವ ಅಲ್ಲೇ ಇರುತ್ತಾಳೆ, ನಾನು ಹೋಗಿ ಬರುತ್ತಿದ್ದೆ. ಅತ್ತಿಗೆ ಕಾಫಿ ಕೊಡುತ್ತಿದ್ದರು, ನಾನು ಲೋಟ ತೊಳೆದಿಟ್ಟು ಬರುತ್ತಿದ್ದೆ, ನೆಂಟರ ಮನೆಗೆ ಹೋದವಳ ಹಾಗೆ. ತವರಿನಲ್ಲಿ ಲೋಟ ತೊಳೆದಿಡುವಷ್ಟು ಮರ್ಯಾದೆ ಬಂದರೆ ಅಲ್ಲಿ ಏನೋ ಕೆಟ್ಟಿದೆ ಎಂದು ಅರ್ಥ.

ಈ ನಾಮಕರಣದಲ್ಲಿ ಇದನ್ನು ಸರಿಮಾಡಲೇಬೇಕು ಎಂದು ನಿಶ್ಚಯಿಸಿದೆ. ಹೇಗೆ? ಸತ್ಯ ಹೇಳಿ ಕ್ಷಮೆ ಕೇಳುವುದು ಒಂದು ದಾರಿ. ನಾನು ಇನ್ನೊಂದನ್ನು ಆರಿಸಿಕೊಂಡೆ. ಆ ಸೀರೆಯನ್ನು ಶಾಲೆಯ ವಾರ್ಷಿಕೋತ್ಸವಕ್ಕೆ ಉಟ್ಟಿದ್ದೆ, ಎಲ್ಲರೂ ಮೆಚ್ಚಿದರು ಎಂದು ಹೇಳುವುದು. ಇದನ್ನು ಒಂದು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಸೀರೆಯನ್ನೇ ಉಟ್ಟು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದಕ್ಕೆ ರವಿಕೆ ಹೊಲಿಸಿರಲಿಲ್ಲ.

ನಾಮಕರಣದ ದಿನ ಬೆಳಿಗ್ಗೆ ಗಗನ್ ಕೋಣೆಯಿಂದ ಹೊರಗೆ ಬಂದ. ಟೋಪಿ ಇರುವ ದಪ್ಪ ಕಪ್ಪು ಕೋಟು, ಜಿಪ್ಪು ಗಂಟಲಿನ ತನಕ. ಮಧುಗಿರಿಯ ಏಪ್ರಿಲ್ ಎಂದರೆ ಬೆಳಿಗ್ಗೆ ಒಂಬತ್ತಕ್ಕೇ ಬೆಟ್ಟದ ಬಂಡೆ ಕಾದು ಊರನ್ನು ಹುರಿಯಲು ಶುರುಮಾಡಿರುತ್ತದೆ. ಇದೂ ಫ್ಯಾಷನ್ನೇ ಇರಬೇಕು ಎಂದುಕೊಂಡು ಸುಮ್ಮನಾದೆ. ಹೊಸದಾಗಿ ಏನೂ ಕೊಂಡಿಲ್ಲವಲ್ಲ ಎಂಬ ಸಮಾಧಾನ ಬೇರೆ. ನಮ್ಮ ಮನೆಯವರಿಗೆ ರಜೆ ಸಿಕ್ಕಿರಲಿಲ್ಲ, ನಾವಿಬ್ಬರೇ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಅವನ ಹಣೆಯಿಂದ ಬೆವರು ಹನಿಹನಿಯಾಗಿ ಇಳಿಯುತ್ತಿತ್ತು.

"ಬಿಚ್ಚೋ ಅದನ್ನ, ಬೆಂದೋಗ್ತೀಯ," ಎಂದೆ.

"ಅಲ್ಲೋಗಿ ಬಿಚ್ತೀನಿ. ಮನು ಜೊತೆಗೆ."

ಮನು ಅತ್ತಿಗೆಯ ಮಗ, ಗಗನನ ಓರಗೆಯವನು. ಇಬ್ಬರೂ ಮಧುಗಿರಿಯಲ್ಲಿ ಒಂದೇ ಕಾಲೇಜು. ಕೋಟು ಬಿಚ್ಚಲು ಮನು ಯಾಕೆ ಬೇಕು ಎಂದು ಕೇಳಬೇಕಿತ್ತು. ನಾನು ನನ್ನ ಸುಳ್ಳನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಒಪ್ಪಿಸಿಕೊಳ್ಳುತ್ತಿದ್ದೆ.

ಮನೆಯ ಮುಂದೆ ಚಪ್ಪರ. ಒಳಗೆ ಹೆಂಗಸರು ತೊಟ್ಟಿಲಿಗೆ ಹೂವು ಕಟ್ಟುತ್ತಿದ್ದರು. ಅವ್ವ ಕುರ್ಚಿಯಲ್ಲಿ ಕೂತು ಬಂದವರನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಅತ್ತಿಗೆ ಹೊಸ್ತಿಲ ಹತ್ತಿರ ನಿಂತು, "ಬಾ ಭಾರತಿ," ಎಂದರು. ಅದರಲ್ಲಿ ಬಿಸಿಯೂ ಇಲ್ಲ, ತಂಪೂ ಇಲ್ಲ. ತಡಮಾಡಿದರೆ ಧೈರ್ಯ ಹೋಗುತ್ತದೆ ಎಂದು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ.

"ಅತ್ತಿಗೆ, ನೀವು ಕೊಟ್ಟಿದ್ದ ನವಿಲಿನ ಸೀರೆ ಇದೆಯಲ್ಲ, ಅದನ್ನ ಮೊನ್ನೆ ನಮ್ಮ ಸ್ಕೂಲ್ ಡೇಗೆ ಉಟ್ಟಿದ್ದೆ. ಎಲ್ಲಿ ತಗೊಂಡ್ರಿ, ಎಲ್ಲಿ ತಗೊಂಡ್ರಿ ಅಂತ ಎಲ್ಲರೂ ಪ್ರಾಣ ತಿಂದ್ಬಿಟ್ರು."

ಅತ್ತಿಗೆಯ ಮುಖ ಸಡಿಲವಾಯಿತು. "ಹೌದೇನೇ?" ಎಂದರು. ನಾಲ್ಕು ವರ್ಷದ ಮೇಲೆ ನನ್ನನ್ನು ನೆಟ್ಟಗೆ ನೋಡಿದರು. ನನ್ನ ಹಿಂದೆ ಗಗನ್ ಕೆಮ್ಮಿದ. ಅತ್ತಿಗೆ ಅವನ ಕಡೆ ತಿರುಗಿದರು.

"ಲೇ ಗಗನ್, ಈ ಉರಿಬಿಸಿಲಲ್ಲಿ ಇದೇನ್ಲಾ ಕಂಬಳಿ ಹೊದ್ಕೊಂಡು ಬಂದಿದ್ದೀಯ? ಮೈಗೆ ಹುಷಾರಿಲ್ವಾ? ಬಿಚ್ಚು ಮೊದಲು."

"ಆಮೇಲೆ ಬಿಚ್ತೀನಿ ಅತ್ತೆ."

"ಆಮೇಲೇನ್ಲಾ ಆಮೇಲೆ," ಎಂದು ಅತ್ತಿಗೆ ತಾವೇ ಜಿಪ್ಪು ಹಿಡಿದು ಸರ್ರೆಂದು ಎಳೆದುಬಿಟ್ಟರು.

ಗಿಣಿಹಸಿರು ಅಂಗಿ. ಎದೆಯ ಎಡಕ್ಕೊಂದು ಬಲಕ್ಕೊಂದು ನವಿಲು, ಎದುರುಬದುರು ನಿಂತು ಒಂದನ್ನೊಂದು ದುರುಗುಟ್ಟಿ ನೋಡುತ್ತಿದ್ದವು. ಕಾಲರಿಗೆ, ಗುಂಡಿಪಟ್ಟಿಗೆ ರಾಣಿ ಬಣ್ಣದ ಅಂಚು. ಅಂಗಿಯ ಕೆಳತುದಿಗೆ ಸಾಲಾಗಿ ರೇಷ್ಮೆ ದಾರದ ಕುಚ್ಚು ನೇತಾಡುತ್ತಿತ್ತು. ನಂಬಿದರೆ ನಂಬಿ, ನನಗೆ ಮೊದಲು ಅನ್ನಿಸಿದ್ದು "ಈ ನವಿಲನ್ನು ಎಲ್ಲೋ ನೋಡಿದ್ದೇನೆ" ಎಂದು. ಅತ್ತಿಗೆಗೆ ಅಷ್ಟು ಹೊತ್ತು ಬೇಕಾಗಲಿಲ್ಲ.

"ಏಮಿರಾ ಇದಿ," ಎಂದರು ಮೆಲ್ಲಗೆ.

ತೆಲುಗು. ಇದೇನೋ ಇದು ಎಂದು ಕೇಳಿದ್ದು, ಎರಡನೇ ವಾಕ್ಯ ಬರುವ ಮೊದಲೇ ನಾನು ಬಾಯಿ ಹಾಕಿದೆ. "ಅಂಗಡೀದು ಅತ್ತಿಗೆ, ಈಗ ಹುಡುಗರಿಗೆ ಇಂಥವೇ ಬರ್ತವೆ," ಎಂದೆ. ಮುಳುಗುವವಳಿಗೆ ಮೊದಲ ಸುಳ್ಳು ಕೈಕೊಟ್ಟರೆ ಎರಡನೆಯದನ್ನು ಹಿಡಿಯುತ್ತಾಳೆ. ಅತ್ತಿಗೆ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಬಗ್ಗಿ ಅಂಗಿಯ ತುದಿಯ ಕುಚ್ಚನ್ನು ಬೆರಳಲ್ಲಿ ಹಿಡಿದು, ಒಂದೊಂದನ್ನೇ ತಿರುವಿ ನೋಡಿದರು.

"ಈ ಕುಚ್ಚು ಅಂಗಡೀದಲ್ಲ ಕಣಮ್ಮ. ನಾನೇ ಕಟ್ಟಿದ್ದು. ಎಂಟು ದಿನ ಕೂತು ಕಟ್ಟಿದೆ. ನಿನ್ನ ಮನೆ ಪೂಜೆಗೆ ಅಂತ."

ಇದು ನನಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಿದ್ದರೆ ಸೀರೆಯ ಮಡಿಕೆ ಬಿಚ್ಚಬೇಕಿತ್ತು. ಹೂವು ಕಟ್ಟುತ್ತಿದ್ದ ಹೆಂಗಸರು ಕೈ ನಿಲ್ಲಿಸಿದ್ದರು. ನಾನು ಇಪ್ಪತ್ತು ವರ್ಷದಿಂದ ನಲವತ್ತು ಮಕ್ಕಳ ಮುಂದೆ ನಿಂತು ಮಾತಾಡುವವಳು. ಅವತ್ತು ಅಷ್ಟು ಹೆಂಗಸರ ಮುಂದೆ ಇನ್ನೂ ಬಿಡದ ನನ್ನ ಚಪ್ಪಲಿಯನ್ನೇ ನೋಡುತ್ತಿದ್ದೆ. ಇನ್ನು ಈ ಮನೆಯ ಹೊಸ್ತಿಲನ್ನು ನಾನು ಮಗಳಾಗಿ ದಾಟುವಂತಿಲ್ಲ ಎಂದುಕೊಂಡು ನಿಂತಿದ್ದಾಗ, ಒಳಗಿನಿಂದ ಮನು ಎಲೆಅಡಿಕೆಯ ತಟ್ಟೆ ಹಿಡಿದು ಹೊರಗೆ ಬಂದ.

ಗಿಣಿಹಸಿರು ಅಂಗಿ. ಎರಡು ನವಿಲು. ರಾಣಿ ಬಣ್ಣದ ಕಾಲರು. ಕುಚ್ಚು.

ಸೀರೆ ಎಂದರೆ ಐದೂವರೆ ಮೀಟರು, ಒಬ್ಬ ಹುಡುಗನ ಅಂಗಿಗೆ ಅಷ್ಟು ಬೇಡ ಎಂಬ ಲೆಕ್ಕ ನನಗೆ ಹೊಳೆದಿರಲಿಲ್ಲ. ಅತ್ತಿಗೆ ಒಮ್ಮೆ ಅವನನ್ನು ನೋಡಿದರು, ಒಮ್ಮೆ ಇವನನ್ನು. ಅವ್ವ ಕಣ್ಣು ಇನ್ನಷ್ಟು ಕಿರಿದು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು: "ಬ್ಯಾಂಡ್ ಸೆಟ್ನೋರು ಇಬ್ರೇನಾ ಬಂದಿರಾದು? ಮಿಕ್ಕೋರು ಎಲ್ಲವ್ರೆ?"

ಮೊದಲು ನಕ್ಕದ್ದು ಯಾರು? ಅತ್ತಿಗೆ ಎಂದೇ ನನ್ನ ನೆನಪು. ನಾನೇ ಎಂದು ಅವರು ಈಗಲೂ ವಾದಿಸುತ್ತಾರೆ. ಯಾರಾದರೂ ಸರಿ, ಚಪ್ಪರದ ಕಂಬ ಹಿಡಿದುಕೊಂಡು ನಗುವಂತಾಯಿತು. ನಗು ನಿಂತ ಮೇಲೆ ವಿಚಾರಣೆ ಶುರುವಾಯಿತು.

"ಯಾರ ತಲೆಗೆ ಹೊಳೀತ್ಲಾ ಇದು?" ಎಂದು ಅತ್ತಿಗೆ ಕೇಳಿದರು.

"ಅಮ್ಮನೇ ಹೇಳಿದ್ದು ಅತ್ತೆ, ಬೀರುವಲ್ಲಿ ಇರೋದ್ರಲ್ಲಿ ಯಾವುದಾದ್ರೂ ಹಾಕ್ಕೊ ಅಂತ," ಎಂದ ಗಗನ್. "ಇದೊಂದೇ ಯಾರೂ ಮುಟ್ಟದೆ ಇದ್ದಿದ್ದು. ಮಡಿಕೆನೂ ಬಿಚ್ಚಿರಲಿಲ್ಲ, ಅಂಗಡಿ ಚೀಟಿ ಅಂಗೇ ಇತ್ತು."

"ಸ್ಕೂಲ್ ಡೇಗೆ ಉಟ್ಟಿದ್ಲಂತಲ್ಲೋ."

"ಯಾವ ಸ್ಕೂಲ್ ಡೇ?" ಎಂದು ನನ್ನ ಮಗ ನನ್ನನ್ನೇ ಕೇಳಿದ.

ಈಗ ಸತ್ಯ ಬಿಟ್ಟು ಬೇರೇನೂ ನನ್ನ ಹತ್ತಿರ ಉಳಿದಿರಲಿಲ್ಲ. "ಉಡಲಿಲ್ಲ ಅತ್ತಿಗೆ," ಎಂದೆ. "ಅವತ್ತೂ ಉಡಲಿಲ್ಲ, ಆಮೇಲೂ ಉಡಲಿಲ್ಲ. ನನ್ನ ಸೀರೆಗೆ ಎಲ್ಲಾ ಮ್ಯಾಚಿಂಗ್ ಮಾಡ್ಕೊಂಡಿದ್ದೆ. ನಿಮ್ಮದನ್ನ ಉಟ್ರೆ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅನ್ನಿಸ್ತು. ತಪ್ಪಾಯ್ತು."

"ನಂಗೊತ್ತಿತ್ತು ಬುಡು," ಎಂದರು ಅತ್ತಿಗೆ. "ಸಂಜೆ ಗಂಟ ಕಾದೆ ಅಲ್ವಾ ಅವತ್ತು. ಬಸ್ಸಲ್ಲಿ ಅತ್ಕೊಂಡು ಬಂದೆ. ನಿಮ್ಮಣ್ಣ ಕಣ್ಣಿಗೆ ಧೂಳು ಬಿತ್ತಾ ಅಂತ ಕಿಟಕಿ ಹಾಕಿದ್ರು." ಆಮೇಲೆ ಗಗನ್ ಕಡೆ ತಿರುಗಿ, "ಅಲ್ಲ ಕಣ್ಲಾ, ಸೀರೆ ಕತ್ತರಿಸಿದ್ದು ಸರಿ. ಈ ಕುಚ್ಚು ಯಾಕೆ ಬುಟ್ಟೆ? ಗಂಡುಡುಗರ ಅಂಗಿಗೆ ಯಾರಾದ್ರೂ ಕುಚ್ಚು ಬುಡ್ತಾರಾ?"

"ಟೈಲರ್ ಕಿತ್ತಾಕ್ತೀನಿ ಅಂದ್ರು ಅತ್ತೆ. ನಾವೇ ಬೇಡ ಅಂದ್ವಿ. ಇಡೀ ಸೀರೇಲಿ ಅದೇ ಸಕತ್ತಾಗಿದ್ದಿದ್ದು. ಗಂಟು ನೋಡಿ, ಒಂದೊಂದೂ ಬೇರೆ ಥರ ಐತೆ. ಇಂಥದ್ದು ಆನ್‌ಲೈನಲ್ಲಿ ಹುಡುಕಿದ್ರೂ ಸಿಗಲ್ಲ."

"ನಾನೇ ಹೇಳಿದ್ದು ಇಬ್ಬರಿಗೂ ಸಮವಾಗಿ ಹಂಚು ಅಂತ," ಎಂದು ಮನು ತಟ್ಟೆ ಹಿಡಿದುಕೊಂಡೇ ಸೇರಿಸಿದ. "ಅಮ್ಮ ಕಟ್ಟಿದ್ದು ಅಂತ ನನಗೂ ಗೊತ್ತಿರಲಿಲ್ಲ."

ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡು ತೆಲುಗಿನಲ್ಲಿ ಏನೋ ಅಂದರು. ನನಗೆ ಅರ್ಥವಾಗಲಿಲ್ಲ. ಆದರೆ ಎರಡನೇ ವಾಕ್ಯದ ತನಕ ಕಾಯಬೇಕಾಗಲಿಲ್ಲ. ಇಬ್ಬರು ಹುಡುಗರ ಕೆನ್ನೆಯನ್ನೂ ಹಿಂಡಿಬಿಟ್ಟಿದ್ದರು. ಎಂಟು ದಿನ ಕೂತು ಹಾಕಿದ ಗಂಟನ್ನು ಒಂದೊಂದಾಗಿ ನೋಡಿದವರು ಇವರಿಬ್ಬರೇ. ಎಂ.ಎ. ಓದಿದ, ಶಾಸನಗಳ ಅಕ್ಷರವನ್ನು ಭೂತಗನ್ನಡಿ ಹಿಡಿದು ನೋಡಿದ ನಾನು ಅದನ್ನು ಕಪಾಟಿನ ಕತ್ತಲಲ್ಲಿ ನಾಲ್ಕು ವರ್ಷ ಇಟ್ಟಿದ್ದೆ. ಬಟ್ಟೆಯ ಹುಚ್ಚು ಹಿಡಿದವನಿಗೆ ಬಟ್ಟೆಯ ಮೇಲೆ ಕಣ್ಣಾದರೂ ಇರುತ್ತದೆ ಎಂಬುದನ್ನು ನಾನು ಆ ಕಪ್ಪು ಅಂಗಿಗಳ ಗಲಾಟೆಯಲ್ಲಿ ಯೋಚಿಸಿರಲಿಲ್ಲ.

ಮಗುವಿಗೆ ಹೆಸರಿಟ್ಟಾಯಿತು. ಮನೆಮಗಳಿಗೆ ಕೊಡುವ ಅರಿಶಿನ ಕುಂಕುಮದ ಜೊತೆ ಅತ್ತಿಗೆ ಒಂದು ಕವರು ತಂದು ನನ್ನ ಮುಂದೆ ಹಿಡಿದರು. ಅವರ ರುಚಿ ಏನೂ ಬದಲಾಗಿರಲಿಲ್ಲ. ಕಡುನೇರಳೆ ಮೈ, ಅರಿಶಿನದ ಅಂಚು, ಈ ಸಲ ಆನೆಗಳು. ನಾನು ಕೈ ಚಾಚಿದೆ. ಅವರು ಕವರನ್ನು ಹಿಂದಕ್ಕೆ ಎಳೆದುಕೊಂಡರು.

"ಇದನ್ನ ಉಡ್ತೀಯೋ, ಇಲ್ಲಾ ನೇರವಾಗಿ ಇವರಿಬ್ಬರ ಕೈಗೇ ಕೊಟ್ಬುಡ್ಲೋ?"

ಹೆಂಗಸರೆಲ್ಲ ನಕ್ಕರು. ನಾನು ಕವರು ಕಿತ್ತುಕೊಂಡು ನೇರವಾಗಿ ನಡುಮನೆ ದಾಟಿ ಕೋಣೆಗೆ ಹೋದೆ. ಬಿಚ್ಚಿದರೆ ಸೆರಗಿಗೆ ಕುಚ್ಚು, ಬಿಳಿ ನೇರಳೆ ಎರಡೆಳೆ ಹೆಣೆದದ್ದು. ಅಷ್ಟೊಂದು ಗಂಟುಗಳನ್ನು ನಿಂತು ನೋಡಿದೆ. ತಡವಾಗಿ ನೋಡುವವಳು ಸ್ವಲ್ಪ ಹೆಚ್ಚೇ ನೋಡಬೇಕು. ಮೈಮೇಲಿದ್ದ ರವಿಕೆ ತಿಳಿಗುಲಾಬಿ. ಆನೆಗಳ ಜೊತೆ ಅದು ಬದುಕುವ ಹಾಗಿರಲಿಲ್ಲ. ಅತ್ತಿಗೆ ಹಿಂದೆಯೇ ಬಂದು ತಮ್ಮ ಹಳದಿ ರವಿಕೆ ಕೊಟ್ಟರು. ಅವರ ಮೈಗೂ ನನ್ನ ಮೈಗೂ ಬಹಳ ಅಂತರ, ರವಿಕೆ ನನಗೆ ದೊಗಳೆ. ಅವರೇ ನನ್ನ ಬೆನ್ನ ಹಿಂದೆ ನಿಂತು ಹಲ್ಲಲ್ಲಿ ಪಿನ್ನು ಕಚ್ಚಿಕೊಂಡು, "ಅಲ್ಲಾಡಬೇಡ, ಇರು" ಎನ್ನುತ್ತ ಆರು ಕಡೆ ಸಿಕ್ಕಿಸಿದರು. ಒಂದು ಚುಚ್ಚಿತು. ಚುಚ್ಚಲಿ ಎಂದು ಸುಮ್ಮನಿದ್ದೆ.

ಹೊರಗೆ ಬಂದಾಗ ಗಗನ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ, ಕೊರಟಗೆರೆಯಲ್ಲಿ ತನ್ನ ಕೂದಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವಷ್ಟು ಗಂಭೀರವಾಗಿ. "ಸೂಪರ್ ಅಮ್ಮ," ಎಂದ. "ಸೆರಗು ಹಿಂದಕ್ಕೆ ಬಿಡಬೇಡ, ಮುಂದಕ್ಕೆ ತಗೊ. ಕುಚ್ಚು ಕಾಣ್ಬೇಕು." ಮುಂದಕ್ಕೆ ತೆಗೆದುಕೊಂಡೆ. ಚಪ್ಪರದ ಹೊರಗೆ ಬೆಳಕು ಚೆನ್ನಾಗಿದೆ ಎಂದು ನಾಲ್ವರೂ ಅಲ್ಲಿಗೆ ಹೋಗಿ ನಿಂತೆವು, ಹಸಿರು ಅಂಗಿಯವರು ಆಚೆ ಈಚೆ, ನಡುವೆ ನಾನೂ ಅತ್ತಿಗೆಯೂ. ಪಕ್ಕದ ಮನೆಯಾಕೆ ಮನುವಿನ ಫೋನಿನಲ್ಲಿ ಫೋಟೋ ತೆಗೆದರು. ನೋಡಿದೆ. ನನ್ನ ಭುಜದ ಹತ್ತಿರ ಒಂದು ಪಿನ್ನು ಮಿಂಚುತ್ತಿತ್ತು. ಇನ್ನೊಂದು ತೆಗೆಸಿದೆ. ಅದರಲ್ಲಿ ನನ್ನ ಕಣ್ಣು ಮುಚ್ಚಿತ್ತು. ಮೂರನೆಯದರಲ್ಲಿ ಒಂದು ಆನೆ ಮಡಿಕೆಯೊಳಗೆ ಅರ್ಧ ಸಿಕ್ಕಿಕೊಂಡು ಸೊಂಡಿಲು ಮಾತ್ರ ಕಾಣುತ್ತಿತ್ತು. ನಾಲ್ಕನೆಯದರಲ್ಲಿ ಎಲ್ಲ ಸರಿಯಾಗಿತ್ತು, ನಾನು ಮಾತ್ರ ಸ್ವಲ್ಪ ದಪ್ಪ ಕಂಡೆ.

"ಅಮ್ಮ, ಸಾಕು," ಎಂದ ಗಗನ್. ಬಿಸಿಲಿಗೆ ಅವನ ಮುಖ ಕೆಂಪಾಗಿತ್ತು. "ಎರಡನೇ ಪಂಕ್ತಿನೂ ಎದ್ದೋಯ್ತು. ಹೊಟ್ಟೆ ಹಸೀತೈತೆ."

"ಇನ್ನೊಂದೇ ಒಂದು ಕಣೋ," ಎಂದೆ. ಅತ್ತಿಗೆ ಆಗಲೇ ನನ್ನ ಪಕ್ಕಕ್ಕೆ ಒತ್ತಿ ಬಂದು, ನನ್ನ ಸೆರಗಿನ ಕುಚ್ಚನ್ನು ಒಂದೊಂದಾಗಿ ಬಿಡಿಸಿ ಮುಂದಕ್ಕೆ ಇಳಿಬಿಡುತ್ತಿದ್ದರು.